ಕೇಕಿನ ಐಸಿಂಗಿಗೆ ಗಾಢವಾದ ಬಣ್ಣ ಬರುವ ಬಗೆ

ಹುಟ್ಟುಹಬ್ಬಕ್ಕೂ ಕ್ರಿಸ್ಮಸ್ಸಿಗೂ ಕೇಕನ್ನು ಮನೆಯಲ್ಲಿಯೇ ಸಿದ್ಧಪಡಿಸುವ ವಾಡಿಕೆಯು ಈಗ ನಮ್ಮಲ್ಲಿ ಬಹಳವಾಗಿ ಹರಡಿರುವುದು. ಕೇಕು ಬೇಯಿಸುವುದರಲ್ಲಿ ಕೈ ಪಳಗಿದ ಗೃಹಿಣಿಯರಿಗೂ ಅದರ ಮೇಲಣ ಅಲಂಕಾರದಲ್ಲಿ ಒಂದು ತೊಡಕು ಎದುರಾಗುವುದುಂಟು. ಕೆಂಗುಲಾಬಿಯನ್ನು ಬರೆಯಬೇಕೆಂದು ಹೊರಟರೆ ಐಸಿಂಗು ನಸುಗೆಂಪಿನಲ್ಲಿಯೇ ನಿಂತುಬಿಡುವುದು. ಕಪ್ಪನ್ನು ಬಯಸಿದರೆ ಬೂದಿಯ ಬಣ್ಣ ಬರುವುದು. ನೀಲಿಯನ್ನು ಕಲಸಿದರೆ ಹಸುರು ಛಾಯೆ ತಲೆದೋರುವುದು. ಆಗ ಸೀಸೆಯಿಂದ ಇನ್ನಷ್ಟು ಬಣ್ಣವನ್ನು ಸುರಿಯುವುದೊಂದೇ ಉಪಾಯವೆಂದು ತೋರುವುದು ಸಹಜ. ಹಾಗೆ ಸುರಿದುದರ ಫಲವೇನು? ಐಸಿಂಗು ನೀರಾಗಿ ಹರಿಯುವುದು, ನಾಲಿಗೆಗೆ ಕಹಿಯಾಗುವುದು, ತಿಂದ ಮಕ್ಕಳ ತುಟಿಯೂ ಹಲ್ಲೂ ಬಣ್ಣಗಟ್ಟುವುವು. ಇವೆಲ್ಲಕ್ಕಿಂತ ಮುಖ್ಯವಾಗಿ, ಆ ಎಳೆಯರ ಹೊಟ್ಟೆಗೆ ಸೇರಬಾರದಷ್ಟು ಬಣ್ಣವು ಸೇರುವುದು.

ವಾಚಕ ಸೋದರಿಯರು ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಬಣ್ಣದ ಗಾಢತೆಯು ಬಣ್ಣದ ಪರಿಮಾಣವೊಂದರಿಂದಲೇ ಬರತಕ್ಕುದಲ್ಲ. ಯಾವ ಐಸಿಂಗಿಗೆ ಬಣ್ಣ ಕೊಡುತ್ತೇವೆ, ಯಾವ ಜಾತಿಯ ಬಣ್ಣವನ್ನು ಕೊಡುತ್ತೇವೆ, ಎಷ್ಟು ಹೊತ್ತು ಕಾಯುತ್ತೇವೆ, ಅದರ ಪಕ್ಕದಲ್ಲಿ ಯಾವ ಬಣ್ಣವನ್ನಿಡುತ್ತೇವೆ ಎಂಬ ನಾಲ್ಕು ಸಂಗತಿಗಳು ಅದಕ್ಕೆ ಕಾರಣ. ಈ ನಾಲ್ಕನ್ನೂ ತಿಳಿದವಳು ಸ್ವಲ್ಪ ಬಣ್ಣದಿಂದಲೇ ಹೆಚ್ಚು ಶೋಭೆಯನ್ನು ತರಬಲ್ಲಳು.

ಐಸಿಂಗು ಬಿಳುಪಾಗುವುದಕ್ಕೆ ಕಾರಣ

ಮೊದಲನೆಯದಾಗಿ ಐಸಿಂಗು ಬಣ್ಣವನ್ನು ಏಕೆ ನುಂಗಿಬಿಡುತ್ತದೆಂಬುದನ್ನು ವಿಚಾರಿಸೋಣ. ಕಲ್ಲುಸಕ್ಕರೆಯ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿರಿ. ಅದು ಗಾಜಿನಂತೆ ತಿಳಿಯಾಗಿರುವುದು. ಅದನ್ನೇ ಕುಟ್ಟಿ ಪುಡಿಮಾಡಿದರೆ ಅಚ್ಚಬಿಳುಪಾಗುವುದು. ಸಕ್ಕರೆಯ ಗುಣವು ಬದಲಾಗಲಿಲ್ಲ. ಆದರೆ ಲೆಕ್ಕವಿಲ್ಲದ ಸಣ್ಣ ಕಣಗಳ ಮೈಯಿಂದ ಬೆಳಕು ಎಲ್ಲ ಕಡೆಗೂ ಚೆದರಿಹೋಗುವುದರಿಂದ ನಮ್ಮ ಕಣ್ಣಿಗೆ ಬಿಳುಪು ತೋರುವುದು. ಸಾಬೂನಿನ ನೊರೆಯೂ ಸಮುದ್ರದ ತೆರೆಯ ತುದಿಯೂ ಬೆಳ್ಳಗಿರುವುದು ಇದೇ ಕಾರಣದಿಂದ. ಅಲ್ಲಿ ಗಾಳಿಯ ಗುಳ್ಳೆಗಳು ಬೆಳಕನ್ನು ಚೆದರಿಸುವುವು.

ಬೆಣ್ಣೆಯ ಐಸಿಂಗಿನಲ್ಲಿ ಸಕ್ಕರೆಯ ಸಣ್ಣ ಕಣಗಳೂ ಇವೆ, ನಾವು ಕಡೆದು ಸೇರಿಸಿದ ಗಾಳಿಯೂ ಇದೆ. ಹೆಚ್ಚು ಕಡೆದಷ್ಟೂ ಅದು ಹಗುರವಾಗಿ ಬಿಳುಪೇರುವುದು. ಆ ಬಿಳುಪಿನೊಳಗೆ ಬಣ್ಣವನ್ನು ಬೆರೆಸುವುದೆಂದರೆ ಸುಣ್ಣದ ನೀರಿನಲ್ಲಿ ಬಣ್ಣ ಕದಡಿದಂತೆಯೇ ಸರಿ. ಕಡಲತೀರದಲ್ಲಿ ಒಣಮರಳಿಗಿಂತ ಒದ್ದೆಮರಳು ಕಪ್ಪಾಗಿ ಕಾಣುವುದನ್ನು ಎಲ್ಲರೂ ನೋಡಿರುವರು. ಮರಳಿನ ಕಣಗಳ ನಡುವಣ ಗಾಳಿಯ ಎಡೆಯನ್ನು ನೀರು ತುಂಬಿ, ಬೆಳಕು ಚೆದರುವುದನ್ನು ಕಡಮೆಮಾಡುವುದೇ ಇದಕ್ಕೆ ಕಾರಣ. ಆದುದರಿಂದ ಗಾಢವರ್ಣವು ಬೇಕಾದ ಐಸಿಂಗಿನಿಂದ ಗಾಳಿಯನ್ನು ಹೊರಡಿಸಬೇಕು. ಚೆನ್ನಾಗಿ ಕಡೆದಾದ ಮೇಲೆ ಅಗಲವಾದ ಚಮಚದಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ನಿಧಾನವಾಗಿ ಕಲಸಿದರೆ, ಬಣ್ಣದ ಒಂದು ತೊಟ್ಟನ್ನೂ ಹೆಚ್ಚು ಹಾಕದೆ ಐಸಿಂಗು ಒಂದು ಮಟ್ಟ ಗಾಢವಾಗುವುದು.

ಬೆಣ್ಣೆಯ ಸ್ವಂತ ಬಣ್ಣವನ್ನೂ ಗಮನಿಸಬೇಕು. ಹಸುವಿನ ಬೆಣ್ಣೆಯಲ್ಲಿ ಹುಲ್ಲಿನಿಂದ ಬಂದ ಕ್ಯಾರೊಟೀನ್ ಎಂಬ ಹಳದಿ ವಸ್ತುವಿರುವುದು. ಎಮ್ಮೆಯು ಅದೇ ಹುಲ್ಲನ್ನು ಮೇದರೂ ಕ್ಯಾರೊಟೀನನ್ನು ತನ್ನ ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಎಮ್ಮೆಯ ಬೆಣ್ಣೆ ಬೆಳ್ಳಗಿರುವುದು. ಅಂಗಡಿಯ ಉಪ್ಪುಬೆಣ್ಣೆಗೆ ಅನ್ನಾಟೊ ಎಂಬ ಬೀಜದ ಹಳದಿಯನ್ನು ಸೇರಿಸುವುದೂ ಉಂಟು. ಹಳದಿ ಬೆಣ್ಣೆಗೆ ನೀಲಿಯನ್ನು ಹಾಕಿದರೆ ಹಸುರಾಗುವುದು. ನಸುಗೆಂಪನ್ನು ಹಾಕಿದರೆ ಕಿತ್ತಳೆಯತ್ತ ವಾಲುವುದು. ನೀಲಿ, ನೇರಳೆ ಬೇಕಾದವರು ಉಪ್ಪಿಲ್ಲದ ಎಮ್ಮೆಯ ಬೆಣ್ಣೆಯನ್ನು ಬಳಸುವುದು ಲೇಸು. ಅದು ದೊರೆಯದಿದ್ದರೆ ಕಡ್ಡಿಯ ತುದಿಯಷ್ಟು ನೇರಳೆಯನ್ನು ಮೊದಲು ಬೆರೆಸಿದಲ್ಲಿ ಹಳದಿಯು ಅಡಗುವುದು.

ಬೆಣ್ಣೆಯೊಡನೆ ಬಣ್ಣ ಕೂಡುವ ಕ್ರಮ

ಎರಡನೆಯ ಸಂಗತಿಯು ಬಣ್ಣದ ಜಾತಿ. ಅಂಗಡಿಯಲ್ಲಿ ದೊರೆಯುವ ಆಹಾರದ ಬಣ್ಣಗಳಲ್ಲಿ ಬಹುಭಾಗವು ನೀರಿನಲ್ಲಿ ಕರಗುವಂಥವು, ಕೊಬ್ಬಿನಲ್ಲಿ ಕರಗುವಂಥವಲ್ಲ. ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಕೊಬ್ಬು; ನೀರು ನೂರಕ್ಕೆ ಸುಮಾರು 16 ಮಾತ್ರ, ಅದೂ ಕಣ್ಣಿಗೆ ಕಾಣದ ಹನಿಗಳಾಗಿ ಹಂಚಿಹೋಗಿರುವುದು. ಬಣ್ಣವು ಆ ಹನಿಗಳನ್ನು ಹುಡುಕಿಕೊಂಡು ಹೋಗಿ ಸೇರಬೇಕು. ತೆಳುವಾದ ದ್ರವಬಣ್ಣವನ್ನು ಸುರಿದರೆ ಬಣ್ಣಕ್ಕಿಂತ ನೀರೇ ಹೆಚ್ಚಾಗಿ, ಬೆಣ್ಣೆಯೂ ನೀರೂ ಬೇರೆಬೇರೆಯಾಗಿ ಐಸಿಂಗು ಒಡೆಯುವುದು. ಆದುದರಿಂದ ಜೆಲ್ ಎಂದು ಕರೆಯಲ್ಪಡುವ ಗಟ್ಟಿಯಾದ ಬಣ್ಣವೇ ಬೆಣ್ಣೆಯ ಐಸಿಂಗಿಗೆ ತಕ್ಕುದು. ಕರಗಿಸಿದ ಚಾಕೊಲೆಟಿಗಂತೂ ನೀರಿನ ಸೋಂಕೇ ಕೂಡದು. ಸ್ವಲ್ಪ ತೇವ ತಗುಲಿದರೂ ಅದು ಗಂಟುಗಟ್ಟುವುದು. ಅದಕ್ಕಾಗಿ ಎಣ್ಣೆಯಲ್ಲಿ ಬೆರೆಯುವಂತೆ ಮಾಡಿದ ಬೇರೆ ಬಣ್ಣಗಳಿವೆ.

ಮೂರನೆಯದು ಕಾಲ. ಬಣ್ಣವು ನೀರಿನ ಹನಿಗಳಲ್ಲಿ ಪೂರ್ತಿಯಾಗಿ ಕರಗಿ ಹರಡುವುದಕ್ಕೆ ಹೊತ್ತು ಹಿಡಿಯುವುದು. ಸಂಜೆ ನಡುಗೆಂಪಾಗಿ ಕಂಡ ಐಸಿಂಗು ಮರುದಿನ ಬೆಳಗ್ಗೆ ಕಡುಗೆಂಪಾಗಿರುವುದನ್ನು ಕೈಯಾರೆ ಮಾಡಿದವರು ಬಲ್ಲರು. ಕಲಸಿದ ಕೂಡಲೆ ತೃಪ್ತಿಯಾಗದೆ ಮತ್ತಷ್ಟು ಬಣ್ಣ ಹಾಕಿದವಳು, ರಾತ್ರಿ ಕಳೆಯುವುದರೊಳಗೆ ತನ್ನಿಂದ ತಾನೇ ಬರಲಿದ್ದ ಬಣ್ಣಕ್ಕೆ ಎರಡು ಸಲ ಬೆಲೆ ತೆತ್ತಂತಾಗುವುದು.

ಮಾಡುವ ಕ್ರಮವು ಹೀಗಿದೆ. 250 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಮೆತ್ತಗಾಗುವವರೆಗೆ ಹೊರಗಿಟ್ಟು ಚೆನ್ನಾಗಿ ಕಡೆಯಿರಿ. 500 ಗ್ರಾಂ ಐಸಿಂಗ್ ಸಕ್ಕರೆಯನ್ನು ಜರಡಿ ಹಿಡಿದು ಮೂರು ಸಲವಾಗಿ ಸೇರಿಸಿರಿ. ಇದರಲ್ಲಿ ಎಷ್ಟು ಐಸಿಂಗಿಗೆ ಗಾಢವರ್ಣ ಬೇಕೋ ಅಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದುಕೊಳ್ಳಿರಿ. ಕಡ್ಡಿಯ ತುದಿಯಿಂದ ಜೆಲ್ ಬಣ್ಣವನ್ನು ಎತ್ತಿ ಬೆರೆಸಿ, ಬಯಸಿದುದಕ್ಕಿಂತ ಎರಡು ಮಟ್ಟ ತೆಳುವಾಗಿರುವಾಗಲೇ ನಿಲ್ಲಿಸಿರಿ. ಅನಂತರ ಅದರಲ್ಲಿ ಒಂದು ಸಣ್ಣ ಸೌಟಿನಷ್ಟನ್ನು ಬಟ್ಟಲಿಗೆ ಹಾಕಿ, ಬಿಸಿನೀರಿನ ಮೇಲಿಟ್ಟು ಕರಗುವವರೆಗೆ ಮಾತ್ರ ಕಾಯಿಸಿರಿ. ಗಾಳಿಯು ಹೊರಟುಹೋಗಿ ಬಣ್ಣವು ಚೆನ್ನಾಗಿ ಕರಗಿ, ಅದು ಥಟ್ಟನೆ ಗಾಢವಾಗುವುದನ್ನು ಕಾಣುವಿರಿ. ಸ್ವಲ್ಪ ಆರಿದ ಮೇಲೆ ಅದನ್ನು ಉಳಿದ ಐಸಿಂಗಿಗೆ ಸೇರಿಸಿ ಮೆಲ್ಲಗೆ ಕಲಸಿ, ಮುಚ್ಚಿ, ಫ್ರಿಜ್ಜಿನಲ್ಲಿ ಒಂದು ರಾತ್ರಿಯಿಡಿರಿ. ಮರುದಿನ ಮೆತ್ತಗಾದ ಮೇಲೆ ಕಲಸಿ ನೋಡಿ, ಆಗಲೂ ಸಾಲದಿದ್ದರೆ ಮಾತ್ರ ಇನ್ನೊಂದು ಕಡ್ಡಿಯ ತುದಿಯಷ್ಟು ಬಣ್ಣವನ್ನು ಕೊಡಬಹುದು.

ಮೊಟ್ಟೆಯ ಬಿಳಿಯಿಂದ ಮಾಡುವ ರಾಯಲ್ ಐಸಿಂಗಿನಲ್ಲಿ ಕೊಬ್ಬಿಲ್ಲ. ಅದರಲ್ಲಿ ಬಣ್ಣವು ಸುಲಭವಾಗಿ ಕರಗುವುದು, ಒಣಗುತ್ತ ಒಣಗುತ್ತ ಇನ್ನೂ ಗಾಢವಾಗುವುದು. ಇದನ್ನರಿತು ಒದ್ದೆಯಾಗಿರುವಾಗ ಸ್ವಲ್ಪ ತೆಳುವಾಗಿಯೇ ಬಿಡಬೇಕು. ಹಸಿ ಮೊಟ್ಟೆಯಿಂದ ರೋಗ ತಗುಲುವ ಭಯವಿರುವುದರಿಂದ, ಮಕ್ಕಳಿಗಾಗಿ ಮಾಡುವಾಗ ಒಣಗಿಸಿದ ಮೊಟ್ಟೆಬಿಳಿಯ ಪುಡಿಯನ್ನು ಉಪಯೋಗಿಸುವುದು ಕ್ಷೇಮಕರ.

ಒಂದೊಂದು ಬಣ್ಣದ ವಿಷಯ

ಕಪ್ಪನ್ನು ಬಿಳುಪಿನಿಂದ ಆರಂಭಿಸಕೂಡದು. ಬೆಣ್ಣೆಯ ಐಸಿಂಗಿಗೆ ಕೋಕೋ ಪುಡಿಯನ್ನು ಸೇರಿಸಿ ಮೊದಲು ಕಡುಕಂದು ಮಾಡಿಕೊಳ್ಳಬೇಕು. ಕ್ಷಾರದಿಂದ ಸಂಸ್ಕರಿಸಿದ ಕೋಕೋ ಇನ್ನೂ ಕಪ್ಪಾಗಿರುವುದು. ಅದರ ಮೇಲೆ ಸ್ವಲ್ಪ ಕಪ್ಪು ಜೆಲ್ ಹಾಕಿ ಒಂದು ರಾತ್ರಿ ಬಿಟ್ಟರೆ, ಬಿಳಿಯ ಐಸಿಂಗಿಗೆ ಹಾಕಬೇಕಾದುದಕ್ಕಿಂತ ಬಹು ಕಡಮೆ ಬಣ್ಣದಲ್ಲಿ ಕಾಡಿಗೆಯಂಥ ಕಪ್ಪು ದೊರೆಯುವುದು. ಕೆಲವರು ಇದ್ದಿಲಿನ ಪುಡಿಯನ್ನು ಹಾಕುವರು. ಕ್ರಿಯಾಶೀಲ ಇದ್ದಿಲು ಹೊಟ್ಟೆಯಲ್ಲಿ ಔಷಧಗಳನ್ನೂ ಹೀರಿಕೊಳ್ಳುವುದರಿಂದ, ಮದ್ದು ಸೇವಿಸುತ್ತಿರುವವರಿಗೆ ಅದು ಒಳ್ಳೆಯದಲ್ಲ.

ಕೆಂಪು ಎಲ್ಲಕ್ಕಿಂತ ಕಷ್ಟವಾದುದು. ಹೆಚ್ಚಾದರೆ ಕಹಿಯಾಗುವುದೂ ಇದೇ. ಮೊದಲು ನಸುಗೆಂಪನ್ನು ಮಾಡಿಕೊಂಡು, ಚಿಟಿಕೆ ಕೋಕೋವನ್ನು ಸೇರಿಸಿ, ಬಳಿಕ ಕೆಂಪನ್ನು ಕೊಟ್ಟರೆ ಅದು ಬೇಗನೆ ಆಳವಾಗುವುದು. ನೇರಳೆಯು ನಸುಗೆಂಪೂ ನೀಲಿಯೂ ಸೇರಿ ಆದ ಬಣ್ಣ. ಬಿಸಿಲು ಬಿದ್ದರೆ ಅದರಲ್ಲಿಯ ಕೆಂಪು ಮೊದಲು ಮಾಸಿ, ನೀಲಿಯೊಂದೇ ಉಳಿದುಕೊಳ್ಳುವುದುಂಟು. ಅಂಥ ಕೇಕನ್ನು ಕಿಟಕಿಯ ಹತ್ತಿರ ಇಡಬಾರದು.

ಹಳದಿಗೆ ನಮ್ಮ ಅಡಿಗೆಮನೆಯ ಅರಿಶಿನವೇ ಸಾಕು. ಅದರ ಬಣ್ಣವು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದು. ಒಂದು ಚಮಚ ಬೆಣ್ಣೆಯನ್ನು ಕರಗಿಸಿ, ಚಿಟಿಕೆ ಅರಿಶಿನವನ್ನು ಅದರಲ್ಲಿ ಬಿಸಿಮಾಡಿ, ಸೋಸಿ, ಆರಿದ ಮೇಲೆ ಐಸಿಂಗಿಗೆ ಬೆರೆಸಿದರೆ ಅರಿಶಿನದ ವಾಸನೆ ಹೆಚ್ಚಾಗಿ ತೋರದೆ ಬಂಗಾರದ ಬಣ್ಣ ಬರುವುದು.

ಗಿಡಮರಗಳ ಬಣ್ಣ

ಶಾಲೆಯಲ್ಲಿ ಲಿಟ್ಮಸ್ ಕಾಗದವು ಹುಳಿಯಲ್ಲಿ ಕೆಂಪಾಗಿ ಕ್ಷಾರದಲ್ಲಿ ನೀಲಿಯಾಗುವುದನ್ನು ನೋಡಿದವರು ಗಿಡಗಳ ಬಣ್ಣವನ್ನು ಬಳಸುವಾಗ ಆ ಪಾಠವನ್ನು ನೆನೆಯಬೇಕು. ಶಂಖಪುಷ್ಪದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟರೆ ಸುಂದರವಾದ ನೀಲಿ ಬರುವುದು. ಅದಕ್ಕೆ ನಿಂಬೆರಸದ ಹನಿ ಬಿದ್ದರೆ ನೇರಳೆಯಾಗುವುದು. ಆದುದರಿಂದ ನೀಲಿ ಬೇಕಾದ ಐಸಿಂಗಿಗೆ ನಿಂಬೆಯನ್ನು ಹಿಂಡಬಾರದು. ಪುನರ್ಪುಳಿಯ ಕೆಂಪು ಹುಳಿಯೊಡನೆಯೇ ಇರುವಂಥದು. ಸಕ್ಕರೆಯ ತೆಳು ಐಸಿಂಗಿಗೆ ಅದು ಬಣ್ಣವನ್ನೂ ರುಚಿಯನ್ನೂ ಕೊಡುವುದು. ಅರಿಶಿನಕ್ಕೆ ಸುಣ್ಣ ತಗುಲಿದರೆ ಕುಂಕುಮದ ಕೆಂಪಾಗುವುದು ಎಲ್ಲರಿಗೂ ತಿಳಿದ ವಿಷಯ. ಅಡಿಗೆ ಸೋಡವೂ ಕ್ಷಾರವೇ ಆದುದರಿಂದ ಅರಿಶಿನ ಹಾಕಿದ ಐಸಿಂಗಿಗೆ ಅದರ ಸೋಂಕಿರಬಾರದು.

ಬೀಟ್ರೂಟಿನ ಕೆಂಪು ಕುದಿಯುವ ಶಾಖದಲ್ಲಿ ಬಹಳ ಹೊತ್ತು ನಿಂತರೆ ಕಂದಾಗುವುದು. ಅದರ ರಸವನ್ನು ಸಣ್ಣ ಉರಿಯಲ್ಲಿ, ಸ್ವಲ್ಪ ನಿಂಬೆರಸದೊಡನೆ ಬತ್ತಿಸಬೇಕು. ನಮ್ಮ ಹಿತ್ತಿಲ ಬಸಳೆಯ ಮಾಗಿದ ಹಣ್ಣೂ ಇದೇ ಜಾತಿಯ ಬಣ್ಣವುಳ್ಳದ್ದು. ಮಕ್ಕಳು ಅದನ್ನು ಹಿಸುಕಿ ಶಾಯಿಯಾಗಿ ಆಡುವ ವಾಡಿಕೆಯುಂಟು. ಹಣ್ಣನ್ನು ಜಜ್ಜಿ ಬೀಜವನ್ನು ಸೋಸಿ ತೆಗೆದ ರಸದ ಕೆಲವು ಹನಿಗಳಿಂದಲೇ ಐಸಿಂಗು ಎದ್ದುಕಾಣುವ ಕೆನ್ನೇರಳೆಯಾಗುವುದು. ಈ ಬಣ್ಣಗಳಲ್ಲಿ ಒಂದು ಕೊರತೆಯುಂಟೆಂಬುದನ್ನು ಮರೆಯಬಾರದು. ಇವು ಬೆಳಕಿನಲ್ಲಿ ಬೇಗನೆ ಮಾಸುವುವು; ರಸವು ನೀರಾದುದರಿಂದ ಬೆಣ್ಣೆಗೆ ಹೆಚ್ಚು ಸೇರಿಸಲಾಗದು. ಸಕ್ಕರೆಯ ತೆಳು ಐಸಿಂಗಿಗೂ ರಾಯಲ್ ಐಸಿಂಗಿಗೂ ಇವು ಒಪ್ಪುವುವು. ಬೆಣ್ಣೆಗಾದರೆ ಒಣಗಿಸಿದ ಪುಡಿಯೇ ಮೇಲು.

ಎಚ್ಚರಿಕೆಯ ಮಾತು

ಕಣ್ಣುಕೋರೈಸುವ ಮಿಠಾಯಿಯ ಮೇಲಣ ಆಸೆಯು ಹಳೆಯದು, ಅದರ ಅಪಾಯವೂ ಹಳೆಯದು. 1820ರಲ್ಲಿ ಲಂಡನ್ ನಗರದಲ್ಲಿ ಫ್ರೆಡರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞನು ಆಹಾರದ ಕಲಬೆರಕೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಮಕ್ಕಳ ಮಿಠಾಯಿಗಳಿಗೆ ಸೀಸ, ತಾಮ್ರಗಳಿಂದಾದ ವಿಷವರ್ಣಗಳನ್ನು ಹಾಕುತ್ತಿದ್ದುದನ್ನು ಬಯಲಿಗೆಳೆದನು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಯುವಕನು ಕಲ್ಲಿದ್ದಲ ಟಾರಿನಿಂದ ದೊರೆತ ವಸ್ತುವಿನಿಂದ ನೇರಳೆ ಬಣ್ಣವೊಂದನ್ನು ಪಡೆದ ಮೇಲೆ ಕೃತಕವರ್ಣಗಳ ಯುಗವು ಮೊದಲಾಯಿತು. ಇವುಗಳಲ್ಲಿ ಬಟ್ಟೆಗೆ ತಕ್ಕುವು ಅನೇಕ. ಹೊಟ್ಟೆಗೆ ತಕ್ಕುವು ಕೆಲವೇ.

ನಮ್ಮ ದೇಶದ 2011ರ ಆಹಾರ ಸುರಕ್ಷತಾ ನಿಯಮಾವಳಿಯು ಎಂಟು ಕೃತಕವರ್ಣಗಳನ್ನು ಪಟ್ಟಿಮಾಡಿದೆ. ಡಬ್ಬಿಯ ಮೇಲೆ ಅವುಗಳ ಹೆಸರನ್ನೋ ಸಂಖ್ಯೆಯನ್ನೋ ನೋಡಿ ಗುರುತಿಸಬಹುದು: ಟಾರ್ಟ್ರಜೀನ್ 102, ಸನ್‌ಸೆಟ್ ಯೆಲ್ಲೋ 110, ಕಾರ್ಮೋಯಿಸೀನ್ 122, ಪಾನ್ಸೋ 4ಆರ್ 124, ಎರಿತ್ರೋಸೀನ್ 127, ಇಂಡಿಗೋ ಕಾರ್ಮೈನ್ 132, ಬ್ರಿಲಿಯಂಟ್ ಬ್ಲೂ 133, ಫಾಸ್ಟ್ ಗ್ರೀನ್ 143. ಇವುಗಳ ಪೈಕಿ ಎರಿತ್ರೋಸೀನನ್ನು ಆಹಾರದಿಂದ ತೆಗೆದುಹಾಕಬೇಕೆಂದು ಅಮೆರಿಕದ ಸರ್ಕಾರವು 2025ರಲ್ಲಿ ಆಜ್ಞೆ ಮಾಡಿತು. 2007ರಲ್ಲಿ ಇಂಗ್ಲೆಂಡಿನ ಸೌಥಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಕೆಲವು ಕೃತಕವರ್ಣಗಳೂ ಸೋಡಿಯಂ ಬೆಂಜೋಯೇಟೂ ಸೇರಿದ ಪಾನೀಯವನ್ನು ಕುಡಿದ ಮಕ್ಕಳಲ್ಲಿ ಚಾಂಚಲ್ಯವು ಹೆಚ್ಚಿತೆಂದು ಪ್ರಕಟಿಸಿದರು. 2010ರಿಂದ ಯೂರೋಪಿನ ಒಕ್ಕೂಟದಲ್ಲಿ ಅಂಥ ಆರು ಬಣ್ಣಗಳುಳ್ಳ ತಿಂಡಿಗಳ ಮೇಲೆ ಎಚ್ಚರಿಕೆಯ ಮಾತು ಮುದ್ರಿತವಾಗಬೇಕೆಂಬ ಕಟ್ಟಳೆಯಿದೆ. ಆ ಆರರಲ್ಲಿ ನಾಲ್ಕು, ಅಂದರೆ 102, 110, 122, 124 ಎಂಬುವು, ನಮ್ಮ ಪಟ್ಟಿಯಲ್ಲಿಯೂ ಇವೆ.

ಆ ನಿಯಮಾವಳಿಯು ಸಾಮಾನ್ಯವಾಗಿ ತಿಂಡಿಗಳಿಗೆ ಇಟ್ಟ ಮಿತಿಯು ಒಂದು ಕಿಲೋಗ್ರಾಂಗೆ 100 ಮಿಲಿಗ್ರಾಂ. ಮೇಲೆ ಹೇಳಿದ ಐಸಿಂಗಿನ ತೂಕ 750 ಗ್ರಾಂ. ಅದರ ಪಾಲಿಗೆ ಬರುವುದು 75 ಮಿಲಿಗ್ರಾಂ ಶುದ್ಧವರ್ಣ. ಅಂಗಡಿಯ ಪುಡಿಯಲ್ಲಿ ಶುದ್ಧವರ್ಣವು ನೂರಕ್ಕೆ 10ರಷ್ಟಿದ್ದರೆ, ಅಷ್ಟೂ ಐಸಿಂಗಿಗೆ 750 ಮಿಲಿಗ್ರಾಂ ಪುಡಿ, ಅಂದರೆ ಮುಕ್ಕಾಲು ಗ್ರಾಂ, ಮೀರಬಾರದೆಂದಾಯಿತು. ಸೀಸೆಯನ್ನು ಬಗ್ಗಿಸಿ ಸುರಿಯುವ ಕೈಗೆ ಈ ಲೆಕ್ಕ ಎಲ್ಲಿ ತಿಳಿಯುವುದು? ಮನೆಯ ಅಡಿಗೆಯನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ತಾಯಿಯೇ ಅಧಿಕಾರಿ.

ಇದು ದೂರದ ಮಾತಲ್ಲ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕವರ್ಣಗಳನ್ನು ನಿಷೇಧಿಸಿತು. ಬಟ್ಟೆ ಮೊದಲಾದುವಕ್ಕೆ ಬಳಸುವ ರೋಡಮೈನ್-ಬಿ ಎಂಬ ಬಣ್ಣವು ಆ ಮಿಠಾಯಿಯಲ್ಲಿ ಕಂಡುಬಂದಿತ್ತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಪರೀಕ್ಷಿಸಿದ 235 ಕೇಕಿನ ಮಾದರಿಗಳಲ್ಲಿ 12 ಸುರಕ್ಷಿತವಲ್ಲವೆಂದು ಕೃತಕವರ್ಣಗಳ ಕಾರಣದಿಂದ ತಿಳಿಸಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಎಂಬ ಗಾಢವರ್ಣದ ಕೇಕುಗಳ ವಿಷಯದಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತು. ಆದುದರಿಂದ ಹೆಸರಿಲ್ಲದ ಪೊಟ್ಟಣದ ಬಣ್ಣವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಪರವಾನಗಿಯ 14 ಅಂಕೆಯ ಸಂಖ್ಯೆಯೂ ಬಣ್ಣದ ಹೆಸರೂ ಮುದ್ರಿತವಾಗಿರುವ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ನೆರೆಯ ಬಣ್ಣದ ಗುಣ

ಉಳಿದುದು ನಾಲ್ಕನೆಯ ಸಂಗತಿ. ಇದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ. ಇದನ್ನು ಲೋಕಕ್ಕೆ ತಿಳಿಸಿಕೊಟ್ಟವನು ಫ್ರಾನ್ಸ್ ದೇಶದ ಮಿಷೆಲ್ ಯೂಜೀನ್ ಶೆವ್ರೆಲ್ ಎಂಬ ಪಂಡಿತನು. 1786ರಲ್ಲಿ ಹುಟ್ಟಿ 1889ರವರೆಗೆ ಬಾಳಿದ ಈ ದೀರ್ಘಾಯುವು ಮೊದಲು ಕೊಬ್ಬುಗಳನ್ನು ಶೋಧಿಸಿದನು. ಹಳತಾದ ಬೆಣ್ಣೆಗೆ ವಾಸನೆ ಕೊಡುವ ಆಮ್ಲವನ್ನು ಬೇರ್ಪಡಿಸಿದವನು ಇವನೇ. 1824ರಲ್ಲಿ ಪ್ಯಾರಿಸಿನ ಗೋಬೆಲಿನ್ ಚಿತ್ರಕಂಬಳಿಯ ಕಾರ್ಖಾನೆಯಲ್ಲಿ ಬಣ್ಣಹಾಕುವ ವಿಭಾಗಕ್ಕೆ ಮುಖ್ಯಸ್ಥನಾದನು. ಅಲ್ಲಿಯ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂದು ದೂರು ಬಂದಾಗ, ಅವನು ಬಣ್ಣವನ್ನು ಪರೀಕ್ಷಿಸಿ ನೋಡಿದನು. ಬಣ್ಣದಲ್ಲಿ ದೋಷವೇನೂ ಇರಲಿಲ್ಲ. ಕಪ್ಪನ್ನು ನೀಲಿ, ನೇರಳೆಗಳ ಪಕ್ಕದಲ್ಲಿ ನೆಯ್ದಿದ್ದುದರಿಂದ ಅದು ಮಂಕಾಗಿ ತೋರುತ್ತಿತ್ತು. ಒಂದು ಬಣ್ಣವು ಅದರ ಪಕ್ಕದ ಬಣ್ಣದಿಂದ ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುವುದೆಂಬ ಈ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಕೇಕಿನ ಮೇಲೂ ಇದೇ ನಿಯಮವು ನಡೆಯುವುದು. ಕೆಂಪಿನ ಪಕ್ಕದಲ್ಲಿ ಹಸುರನ್ನಿಟ್ಟರೆ ಎರಡೂ ಉಜ್ಜ್ವಲವಾಗುವುವು. ನೀಲಿಗೆ ಕಿತ್ತಳೆಯೂ ನೇರಳೆಗೆ ಹಳದಿಯೂ ತಕ್ಕ ಜೊತೆ. ಕಪ್ಪು ಗೆರೆಯು ಬಿಳುಪಿನ ಮೇಲೆ ಬಹು ಕಪ್ಪಾಗಿ ಕಾಣುವುದು. ಇಡೀ ಕೇಕನ್ನು ಕೆಂಪಿನಿಂದ ಬಳಿದರೆ ಆ ಕೆಂಪಿಗೆ ಹೋಲಿಸಿ ನೋಡಲು ಬೇರೆ ಬಣ್ಣವೇ ಇಲ್ಲದೆ ಕಣ್ಣು ಬೇಗನೆ ದಣಿಯುವುದು. ಬಿಳಿಯ ಐಸಿಂಗಿನ ಮೇಲೆ ಐದಾರು ಕೆಂಗುಲಾಬಿ, ಒಂದೊಂದಕ್ಕೆ ಎರಡು ಹಸುರೆಲೆ, ಇಷ್ಟನ್ನು ಇಟ್ಟು ನೋಡಿರಿ. ಹೂವಿನ ಕೆಂಪು ಮಧ್ಯಮವಾಗಿದ್ದರೂ ಗಾಢವಾಗಿ ತೋರುವುದು. 750 ಗ್ರಾಂ ಐಸಿಂಗಿನಲ್ಲಿ 100 ಗ್ರಾಂಗೆ ಮಾತ್ರ ಬಣ್ಣ ಬಿದ್ದಿರುವುದು. ತುಂಡು ತಿಂದ ಮಗುವಿನ ಪಾಲಿಗೆ ಬಂದ ಬಣ್ಣವು ಒಂದು ಹೂವಿನಷ್ಟೇ ಆಗಿರುವುದು.

ಗಾಳಿಯನ್ನು ಹೊರಡಿಸಿ, ಗಟ್ಟಿಯಾದ ಬಣ್ಣವನ್ನು ಮಿತವಾಗಿ ಬೆರೆಸಿ, ಒಂದು ರಾತ್ರಿ ತಾಳಿಕೊಂಡು, ತಕ್ಕ ಬಣ್ಣದ ನೆರೆಯಲ್ಲಿ ಅದನ್ನಿಡುವುದು: ಇಷ್ಟೇ ಇದರ ರಹಸ್ಯ. ಮುಂದಿನ ಹಬ್ಬಕ್ಕೆ ಕೇಕು ಮಾಡತಕ್ಕವರು ಐಸಿಂಗನ್ನು ಹಿಂದಿನ ದಿನದ ಸಂಜೆಯೇ ಕಲಸಿಡುವುದಾದರೆ, ಬಣ್ಣದ ಸೀಸೆಯು ವರ್ಷದುದ್ದಕ್ಕೂ ಬಂದೀತು.